ಕೇದಾರನಾಥದ ಕಾಲುದಾರಿ: ಮುಂಬೈಯಿಂದ ಹೊರಡುವವರಿಗೆ

ಮಾಟುಂಗಾ, ಡೊಂಬಿವಲಿಯ ಕನ್ನಡ ಮನೆಗಳಿಂದ ಕೇದಾರಕ್ಕೆ ಹೊರಡುವವರು ಹೆಚ್ಚಾಗಿ ಎಡವುವುದು ಒಂದೇ ಕಡೆ: ಕಡಲಮಟ್ಟಕ್ಕೆ ಒಗ್ಗಿದ ದೇಹವನ್ನು ಎರಡೇ ದಿನದಲ್ಲಿ 3,583 ಮೀಟರ್‌ಗೆ ಏರಿಸುತ್ತಾರೆ. ತಲೆನೋವು, ವಾಕರಿಕೆ ಬರುವುದು ಅದಕ್ಕೇ. ಹರಿದ್ವಾರದಲ್ಲಿ ರೈಲಿಳಿದ ಮೇಲೆ ಗುಪ್ತಕಾಶಿಯಲ್ಲೊಂದು ರಾತ್ರಿ ತಂಗಲೇಬೇಕು. ಯಾತ್ರೆಯ ನೋಂದಣಿ ಕಡ್ಡಾಯ, ಮನೆಯಲ್ಲೇ ಮುಗಿಸಿ. ಸೋನ್‌ಪ್ರಯಾಗದಿಂದ ಗೌರಿಕುಂಡಕ್ಕೆ 5 ಕಿ.ಮೀ. ಶೇರ್ ಜೀಪು.

ಅಲ್ಲಿಂದ ಸುಮಾರು 16 ಕಿ.ಮೀ. ನಡಿಗೆ. 2013ರ ಪ್ರವಾಹದಲ್ಲಿ ನಡುದಾರಿಯ ತಂಗುದಾಣ ರಾಮಬಾಡಾ ಕೊಚ್ಚಿಹೋದ ಮೇಲೆ ದಾರಿ ಮಂದಾಕಿನಿಯ ಆಚೆ ದಡಕ್ಕೆ ಸರಿಯಿತು. ಭೀಂಬಲಿವರೆಗೆ ಪರವಾಗಿಲ್ಲ, ಸೇತುವೆ ದಾಟಿ ಲಿಂಚೋಲಿಗೆ ಹೋಗುವ ಏರು ಮಾತ್ರ ಮೊಣಕಾಲು ಹಿಂಡುತ್ತದೆ. ನಸುಕಿನ 5ಕ್ಕೇ ಹೊರಡಿ. ಮಧ್ಯಾಹ್ನ ಮಳೆ ಬಂದರೆ ಕಲ್ಲುಹಾಸಿನ ಮೇಲೆ ಕುದುರೆ ಲದ್ದಿ ಕರಗಿ ಭಯಂಕರ ಜಾರಿಕೆ. ಕುದುರೆ ಎದುರಾದರೆ ಬೆಟ್ಟದ ಬದಿಗೇ ಒತ್ತಿ ನಿಲ್ಲಿ, ಕಣಿವೆಯ ಕಡೆಗೆ ಖಂಡಿತ ಬೇಡ. ಸರ್ಕಾರಿ ಕೌಂಟರಿನ ರಸೀದಿಯಿಲ್ಲದೆ ಕುದುರೆ ಹತ್ತಬೇಡಿ. ನಮ್ಮ ಮುಂಬೈ ಛತ್ರಿ ಅಲ್ಲಿನ ಗಾಳಿಗೆ ನಿಲ್ಲದು, ಉದ್ದನೆಯ ರೇನ್‌ಕೋಟೇ ಸರಿ.

ಅದೇ ದಿನ ಇಳಿಯುವ ಆತುರ ಬೇಡ. ಸಂಜೆ ಅಲಂಕಾರದ ದರ್ಶನ, ಬೆಳಗಿನ ಜಾವ ಲಿಂಗದ ಸನ್ನಿಧಿ: ಎರಡೂ ಬೇರೆ ಬೇರೆ ಅನುಭವ. ಇಲ್ಲಿನ ರಾವಲ್ (ದೇವಸ್ಥಾನದ ಮುಖ್ಯ ಅರ್ಚಕ) ಪೀಠಕ್ಕೆ ಕರ್ನಾಟಕದ ವೀರಶೈವ ಪರಂಪರೆಯ ನಂಟಿದೆ. ಕನ್ನಡಿಗರಿಗೆ ಅಲ್ಲಿ ನಿಂತಾಗ ಮನಸ್ಸು ತುಂಬಿಬರುತ್ತದೆ.