ಚಾಮುಂಡಿ ಬೆಟ್ಟವೋ, ಕುಂತಿ ಬೆಟ್ಟವೋ?

ಮನೆಯ ಹಿರಿಯರೂ ಜೊತೆಗೆ ಬರುವುದಾದರೆ ಮೈಸೂರಿನ ಚಾಮುಂಡಿ ಬೆಟ್ಟವೇ ಸರಿ. ಸಾವಿರದಷ್ಟು ಕಲ್ಲಿನ ಮೆಟ್ಟಿಲು, ದಾರಿ ತಪ್ಪುವ ಮಾತೇ ಇಲ್ಲ. ಹರಕೆ ಹೊತ್ತ ಹೆಂಗಸರು ಬಗ್ಗಿ ಬಗ್ಗಿ ಒಂದೊಂದು ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚುತ್ತಾ ಹತ್ತುತ್ತಾರೆ. ಅದನ್ನು ತುಳಿಯಲು ಮನಸ್ಸಾಗದೆ ನಾನು ಅಂಚಿನಲ್ಲೇ ಕಾಲಿಡುತ್ತೇನೆ. ಒಂದೇ ಬಂಡೆಯಲ್ಲಿ ಕಡೆದ ದೊಡ್ಡ ನಂದಿಯ ಹತ್ತಿರ ಸುಧಾರಿಸಿಕೊಳ್ಳಬಹುದು; ಸುಸ್ತಾದವರಿಗೆ ಅಲ್ಲಿಯವರೆಗೂ ಗಾಡಿ ಬರುತ್ತದೆ. ಆಷಾಢ ಶುಕ್ರವಾರ ಮಾತ್ರ ವಿಪರೀತ ಜನ.

ಪಾಂಡವಪುರದ ಕುಂತಿ ಬೆಟ್ಟ ಬೇರೆಯೇ. ಬುಡದಲ್ಲಿ ಮಲ್ಲಿಕಾರ್ಜುನ ಸ್ವಾಮಿ ದೇವಸ್ಥಾನ. ಅಲ್ಲಿಂದ ಮೇಲಕ್ಕೆ ಹೋದಂತೆ ಬಂಡೆಯೇ ದಾರಿ. ಕೆಲವು ಕಡೆ ಕೈಯೂರಿಯೇ ಏರಬೇಕು. ಮಂಡಿನೋವಿನವರನ್ನು ದಯವಿಟ್ಟು ಕರೆದೊಯ್ಯಬೇಡಿ. ಮಳೆ ಬಿದ್ದ ದಿನವಂತೂ ಬೇಡವೇ ಬೇಡ, ಬಂಡೆ ಜಾರುತ್ತದೆ. ನೀರು ಮನೆಯಿಂದಲೇ ಹೊತ್ತೊಯ್ಯಿರಿ, ಬಿಸಿಲೇರುವ ಮುಂಚೆ ಇಳಿದುಬಿಡಿ.

ಆದರೆ ತುದಿಯಲ್ಲಿ ನಿಂತಾಗ ಸಿಗುವ ನೋಟ! ಕಬ್ಬು, ಭತ್ತದ ಹಸಿರು, ಆಚೆಗೆ ತೊಣ್ಣೂರು ಕೆರೆಯ ನೀಲಿ. ಚಾಮುಂಡಿಯಿಂದ ಅರಮನೆ, ಕಾರಂಜಿ ಕೆರೆ, ಇಡೀ ಊರು ಕಾಣುತ್ತದೆ ನಿಜ. ಕಾಲು ಗಟ್ಟಿಯಿದ್ದರೆ ನಾನು ಹೇಳುವುದು ಕುಂತಿ ಬೆಟ್ಟವನ್ನೇ.