ಹಾಂಗ್‌ಕಾಂಗ್‌ನ ಎರಡು ಹಳೇ ಬ್ಯಾರಕ್‌ಗಳು: ಯಾವುದನ್ನು ನೋಡಬೇಕು?

ಬ್ರಿಟಿಷರ ಕಾಲದಲ್ಲಿ ಸೈನ್ಯ ಹಿಡಿದಿಟ್ಟಿದ್ದ ಜಾಗ ಊರಿನ ಕೈಗೆ ಹೇಗೆ ಬಂತು ಎಂದು ನೋಡಬೇಕಾ? ಸಮಯ ಕಡಿಮೆ ಇದ್ದರೆ ಒಂದನ್ನೇ ಆರಿಸಿಕೊಳ್ಳಿ.

ಕೌಲೂನ್ ಪಾರ್ಕ್ ಮೊದಲು ವಿಟ್‌ಫೀಲ್ಡ್ ಬ್ಯಾರಕ್ಸ್ ಆಗಿತ್ತು. 1970ರಲ್ಲೇ ಪಾರ್ಕ್ ಆಯಿತು. ಕೆಲವು ಬ್ಯಾರಕ್ ಕಟ್ಟಡಗಳು ಇನ್ನೂ ನಿಂತಿವೆ, ಉದ್ದನೆಯ ಜಗಲಿ ಸಮೇತ. ಪಕ್ಕದ ಮಸೀದಿಯನ್ನು ಮೊದಲು ಕಟ್ಟಿದ್ದು 1896ರಲ್ಲಿ, ಬ್ರಿಟಿಷರ ಕಾಲದ ಭಾರತದಿಂದ ಹೋದ ಮುಸ್ಲಿಂ ಸಿಪಾಯಿಗಳಿಗಾಗಿ.

ವಿಕ್ಟೋರಿಯಾ ಬ್ಯಾರಕ್ಸ್ ಕಥೆ ಬೇರೆ. ಸೆಂಟ್ರಲ್, ವಾನ್ ಚಾಯ್ ಎಂಬ ಎರಡು ಬಡಾವಣೆಗಳ ನಡುವೆ ಅಡ್ಡಗೋಡೆಯ ಹಾಗೆ ಕೂತಿತ್ತು. ಸೈನ್ಯ ಅದನ್ನು ಬಿಟ್ಟುಕೊಟ್ಟಿದ್ದು 1979ರಲ್ಲಿ. ಒಂದು ಭಾಗ ಪೆಸಿಫಿಕ್ ಪ್ಲೇಸ್ ಮಾಲ್ ಆಯಿತು, ಇನ್ನೊಂದು 1991ರಲ್ಲಿ ಹಾಂಗ್‌ಕಾಂಗ್ ಪಾರ್ಕ್. ಸೇನಾಧಿಪತಿ ಇದ್ದ 1846ರ ಬಿಳಿ ಬಂಗಲೆಯಲ್ಲಿ ಈಗ ಟೀ ಪಾತ್ರೆಗಳ ಮ್ಯೂಸಿಯಂ! ಬಂದೂಕಿನ ಮನೆಯಲ್ಲಿ ಟೀ ಕುಡಿಕೆ, ಚೆನ್ನಾಗಿದೆ ಅಲ್ವಾ?

ಸುಮ್ನೆ ಓಡಾಡೋಕೆ ಕೌಲೂನ್ ಸಾಕು. ಸೈನ್ಯದ ಜಾಗ ಊರಿನ ಕೈಗೆ ಬಂದ ಕಥೆ ಅರ್ಥವಾಗಬೇಕಾದರೆ ನನ್ನ ಓಟು ವಿಕ್ಟೋರಿಯಾಕ್ಕೆ.