ರಿಯರ್ ವಿಂಡೋನಾ, 12 ಆಂಗ್ರಿ ಮೆನ್ನಾ?

ಹಳೆಯ ಹಾಲಿವುಡ್ ಎಲ್ಲಿಂದ ಶುರು ಮಾಡಲಿ ಎಂದು ಯಾರಾದರೂ ಕೇಳಿದರೆ ನಾನು ಹೇಳುವುದು ಎರಡೇ ಹೆಸರು. ಹಿಚ್‌ಕಾಕ್‌ನ ‘ರಿಯರ್ ವಿಂಡೋ’ (1954), ಸಿಡ್ನಿ ಲೂಮೆಟ್‌ನ ‘12 ಆಂಗ್ರಿ ಮೆನ್’ (1957). ಎರಡೂ ಹೆಚ್ಚುಕಮ್ಮಿ ಒಂದೇ ಕೋಣೆಯ ಕಥೆ. ಎರಡರಲ್ಲೂ ನ್ಯೂಯಾರ್ಕಿನ ಸೆಕೆ. ಹೋಲಿಕೆ ಅಲ್ಲಿಗೆ ಮುಗಿಯಿತು.

ಮೊದಲನೆಯದು ಬಣ್ಣದ್ದು. ಕಾಲು ಮುರಿದುಕೊಂಡ ಫೋಟೋಗ್ರಾಫರ್ ಸುಮ್ನೆ ಕೂತು ಎದುರಿನ ಕಿಟಕಿಗಳನ್ನು ನೋಡುತ್ತಾನೆ. ಅಲ್ಲೊಬ್ಬ ಹೆಂಡತಿಯನ್ನು ಕೊಂದನೇನೋ ಎಂಬ ಅನುಮಾನ. ಆರಂಭ ನಿಧಾನ, ತಾಳ್ಮೆ ಬೇಕು. ನಾಯಕಿ ಗ್ರೇಸ್ ಕೆಲ್ಲಿ ಬಂದ ಮೇಲೆ ಆ ದೂರು ಇರುವುದಿಲ್ಲ!

ಎರಡನೆಯದು ಕಪ್ಪು ಬಿಳುಪು, 96 ನಿಮಿಷ. ತಂದೆಯನ್ನು ಕೊಂದ ಆರೋಪ ಹೊತ್ತ ಹುಡುಗನ ಹಣೆಬರಹ ಹನ್ನೆರಡು ಜ್ಯೂರಿಗಳ, ಅಂದರೆ ತೀರ್ಪು ಹೇಳಲು ಕೂರಿಸಿದ ಸಾಮಾನ್ಯ ನಾಗರಿಕರ, ಕೈಯಲ್ಲಿದೆ. ಹನ್ನೊಂದು ಮಂದಿ ಅಪರಾಧಿ ಎನ್ನುತ್ತಾರೆ. ಜ್ಯೂರಿಗಳಲ್ಲೊಬ್ಬನಾಗಿ ನಟಿಸಿದ ಹೆನ್ರಿ ಫೋಂಡಾ ಒಬ್ಬನೇ ಒಪ್ಪುವುದಿಲ್ಲ. ಬರೀ ಮಾತು, ಆದರೂ ಬೋರ್ ಇಲ್ಲ. ಗುಟ್ಟು ಕ್ಯಾಮೆರಾದಲ್ಲಿದೆ. ಮೊದಲು ಅದು ಮೇಲಿನಿಂದ ನೋಡುತ್ತದೆ, ಬರಬರುತ್ತಾ ಕಣ್ಣಿನ ಮಟ್ಟಕ್ಕಿಂತ ಕೆಳಗಿಳಿಯುತ್ತದೆ. ಲೆನ್ಸ್ ಕೂಡ ಬದಲಾಗುತ್ತಾ ಗೋಡೆಗಳು ಒತ್ತರಿಸಿಕೊಂಡು ಬಂದಂತೆ ಕಾಣುತ್ತವೆ. ಮೊದಲ ಸಲ ನನಗೆ ಉಸಿರು ಕಟ್ಟಿದ್ದಷ್ಟೇ ಗೊತ್ತಾಯಿತು. ಯಾಕೆ ಅಂತ ತಿಳಿದಿದ್ದು ಮತ್ತೊಮ್ಮೆ ನೋಡಿದಾಗ. ಹಳೇ ಸಿನಿಮಾ ಮತ್ತೆ ನೋಡುವುದು ಇದಕ್ಕೇ ಅಲ್ವಾ?

ವೇಗದ ಇಂಗ್ಲಿಷ್ ಮಾತು ಕಷ್ಟವಾದರೆ ‘ರಿಯರ್ ವಿಂಡೋ’ ಹಾಕಿಕೊಳ್ಳಿ, ಅದರ ಅರ್ಧ ಕಥೆ ಕಣ್ಣಿಗೇ ಕಾಣುತ್ತದೆ. ನನ್ನ ವೋಟು ಮಾತ್ರ ಜ್ಯೂರಿ ಕೋಣೆಗೆ.